ಡಬ್ಬಿ ಪೇಢೆ, ಪೇಢೆ ಡಬ್ಬಿ

ಧಾರವಾಡ, 14 ಜುಲೈ 2025, ಸೋಮವಾರ ರಾತ್ರಿ

ಬೆಳಿಗ್ಗೆ ಹಿಡಿದ ಜಿಟಿಜಿಟಿ ಮಳೆ ಇನ್ನೂ ಬಿಟ್ಟಿಲ್ಲ. ಒಂಬತ್ತನೇ ಕ್ಲಾಸಿನ ಇಂಗ್ಲಿಷ್ ನೋಟ್‌ಬುಕ್ ಕಟ್ಟು ತಿದ್ದುವುದು ಅರ್ಧ ಮುಗಿದಿದೆ. ಲೈನ್ ಬಜಾರಕ್ಕೆ ಹೋದ ಬಗ್ಗೆ ಬರೆದ ಒಬ್ಬನ ಸಾಲು: ‘ಐ ಏಟ್ ಒನ್ ಪೇಢಾ ಬಾಕ್ಸ್.’

ಕೆಂಪು ಗೀಟು ಹಾಕಿ ಮುಂದೆ ಹೋದರೆ ನಾಳೆಯೂ ಇದೇ ಬರುತ್ತದೆ. ಯಾಕೆ ತಪ್ಪು ಅಂತ ಗೀಟಿಗೆ ಹೇಳಲು ಬರುವುದಿಲ್ಲ.

ಹುಡುಗನ ತಲೆಯಲ್ಲಿದ್ದ ಕನ್ನಡ ಸರಿಯಾಗಿಯೇ ಇದೆ. ‘ಒಂದು ಡಬ್ಬಿ ಪೇಢೆ ತಿಂದೆ’ ಅಂದರೆ ಹೊಟ್ಟೆಗೆ ಹೋದದ್ದು ಪೇಢೆ. ‘ಒಂದು ಪೇಢೆ ಡಬ್ಬಿ ತಿಂದೆ’ ಅಂದರೆ ಮನೆಯವರು ಗಾಬರಿಯಾಗಿ ರಟ್ಟು ಹುಡುಕುತ್ತಾರೆ. ನಡುವೆ ಒಂದು ಪ್ರತ್ಯಯವೂ ಇಲ್ಲ, ಎರಡು ಪದ ಜಾಗ ಬದಲಿಸಿದರೆ ಸಾಕು. ಕೊನೆಗೆ ಯಾವುದು ಕೂತಿದೆಯೋ ಅದೇ ಯಜಮಾನ. ತತ್ಪುರುಷ ಸಮಾಸದಲ್ಲಿ ಉತ್ತರಪದದ ಅರ್ಥವೇ ಪ್ರಧಾನ ಅಂತ ಕನ್ನಡ ಪಿರಿಯಡ್ಡಿನಲ್ಲಿ ಇದೇ ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ. ಅರಸನ ಮನೆ ಅರಮನೆ. ಅದು ಮನೆಯೇ ಹೊರತು ಅರಸನಲ್ಲ. ಇಂಗ್ಲಿಷಿನ ಪೇಢಾ ಬಾಕ್ಸ್, ಟೀ ಕಪ್, ವಾಟರ್ ಬಾಟಲ್ ಎಲ್ಲ ಇದೇ ಜಾತಿ. ಇಲ್ಲಿಯವರೆಗೆ ತಕರಾರಿಲ್ಲ.

ತಕರಾರು ಇನ್ನೊಂದು ಕಡೆ. ನಮ್ಮ ‘ಡಬ್ಬಿ ಪೇಢೆ’ಗೆ ಸರಿಸಾಟಿಯಾಗಿ ‘ಬಾಕ್ಸ್ ಪೇಢಾ’ ಅನ್ನಲು ಇಂಗ್ಲಿಷು ಬಿಡುವುದಿಲ್ಲ. ನಾವು ಜಾಗದಿಂದ ಮಾಡುವ ಕೆಲಸವನ್ನು ಅದು ‘ಆಫ್’ ಕೈಲಿ ಮಾಡಿಸುತ್ತದೆ: ಎ ಬಾಕ್ಸ್ ಆಫ್ ಪೇಢಾಸ್. ‘ಬಾಕ್ಸ್ ಪೇಢಾ’ ಕಿವಿಗೆ ಸರಿ ಬರಲಿಲ್ಲ, ಹುಡುಗ ಕೈಗೆ ಸಿಕ್ಕ ಇನ್ನೊಂದನ್ನು ಬರೆದ. ‘ಐ ಡ್ರ್ಯಾಂಕ್ ಟೂ ಟೀ ಕಪ್’ ಹುಟ್ಟುವುದೂ ಹೀಗೇ.

ಪರೀಕ್ಷೆ ಸುಲಭ. ಕ್ರಿಯಾಪದ ಹಚ್ಚಿ ನೋಡುವುದು. ಕುಡಿದೆಯೋ, ತೊಳೆದೆಯೋ? ಕುಡಿದದ್ದಾದರೆ ಎ ಕಪ್ ಆಫ್ ಟೀ, ತೊಳೆದದ್ದಾದರೆ ಟೀ ಕಪ್. ಟೀ ಕಪ್ ಖಾಲಿ ಇರಬಹುದು. ಕಪ್ ಆಫ್ ಟೀ ಅಂದ ಮೇಲೆ ಒಳಗೆ ಚಹಾ ಇರಲೇಬೇಕು. ಈ ಪರೀಕ್ಷೆ ಒಂದು ಕಡೆ ಕೈ ಕೊಡುತ್ತದೆ, ಅದು ಕಡ್ಡಿಪೆಟ್ಟಿಗೆ. ನಾವು ತುಂಬಿದ್ದಕ್ಕೂ ಖಾಲಿಗೂ ಕಡ್ಡಿಪೆಟ್ಟಿಗೆ ಅಂತಲೇ ಅನ್ನುತ್ತೇವೆ. ಇಂಗ್ಲಿಷಿನಲ್ಲಿ ಕಡ್ಡಿ ತುಂಬಿದ್ದು ಎ ಬಾಕ್ಸ್ ಆಫ್ ಮ್ಯಾಚಸ್. ಬರೀ ಮ್ಯಾಚ್‌ಬಾಕ್ಸ್ ಅಂದರೆ ಒಳಗೆ ಕಡ್ಡಿ ಇದೆಯೋ ಇಲ್ಲವೋ ದೇವರೇ ಬಲ್ಲ.

ಬಹುವಚನದ ಪಾಡು ಬೇರೆ. ‘ಎರಡು ಕಪ್ ಚಹಾ’, ‘ಮೂರು ಕೆಜಿ ಉಳ್ಳಾಗಡ್ಡಿ’. ಕನ್ನಡದಲ್ಲಿ ಎಣಿಕೆ ಮುಂದೆ ಇದ್ದರೆ ‘ಗಳು’ ಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಅಳತೆಗೆ ‘ಸ್’ ಬೇಕೇ ಬೇಕು: ಟೂ ಕಪ್ಸ್, ತ್ರೀ ಕಿಲೋಸ್. ಆಫ್ ದಾಟಿದ ಮೇಲೆ ವಸ್ತು ಎಣಿಸಲು ಬರುವಂಥದ್ದೋ ಅಂತ ನೋಡಬೇಕು. ಉಳ್ಳಾಗಡ್ಡಿ ಎಣಿಸಬಹುದು, ಹಾಗಾಗಿ ತ್ರೀ ಕಿಲೋಸ್ ಆಫ್ ಆನಿಯನ್ಸ್. ಸಕ್ಕರೆ ಎಣಿಸಲು ಬರದು, ತ್ರೀ ಕಿಲೋಸ್ ಆಫ್ ಶುಗರ್. ಅರ್ಧ ಕಿಲೋ ಆದರೆ ‘ಹಾಫ್ ಎ ಕಿಲೋ ಆಫ್ ಶುಗರ್’. ಆ ನಡುವಿನ ‘ಎ’ ನೂರಕ್ಕೆ ತೊಂಬತ್ತು ಮಕ್ಕಳು ನುಂಗುತ್ತಾರೆ (ಲೆಕ್ಕ ಹಾಕಿದ್ದಲ್ಲ, ಸಿಟ್ಟಿನಲ್ಲಿ ಬಂದ ಮಾತು). ಅಂಗಡಿ ಚೀಟಿಯಲ್ಲಿ ಅಂಕಿ ಹಾಕಿ ಕೆಜಿ ಅಂತ ಬರೆದು ಆಫ್ ಬಿಟ್ಟರೆ ಅಡ್ಡಿಯಿಲ್ಲ, ಇಂಗ್ಲಿಷರೂ ಬಿಡುತ್ತಾರೆ.

ಹಿಂದೊಮ್ಮೆ ಇದನ್ನೆಲ್ಲ ಬೋರ್ಡಿನ ಮೇಲೆ ಬರೆದಾಗ ಹಿಂದಿನ ಬೆಂಚಿನ ಹುಡುಗಿ ಎದ್ದಳು.

“ಸರ್ರ, ಮತ್ತ ಡಜನ್ನಿಗೆ ಯಾಕ ಆಫ್ ಇಲ್ರೀ? ಎ ಡಜನ್ ಬನಾನಾಸ್ ಅಂತ ಪುಸ್ತಕದಾಗ ಐತಲ್ರೀ.”

“ಡಜನ್ನು ನೂರು, ಸಾವಿರದ ಪಂಕ್ತಿಯೊಳಗ ಕುಂತೈತಿ ತಂಗಿ. ಟೂ ಹಂಡ್ರೆಡ್ ರುಪೀಸ್, ಟೂ ಡಜನ್ ಬನಾನಾಸ್. ಸ್ ಇಲ್ಲ, ಆಫ್ ಇಲ್ಲ.”

“ಅಂದ್ರ ಕನ್ನಡದ ಗತೀನ ಆತಲ್ರೀ.”

ಹೌದು, ಕನ್ನಡದ ಗತೀನ. ಎರಡು ಡಜನ್ ಬಾಳೆಹಣ್ಣು. ಲೆಕ್ಕ ಗೊತ್ತಿಲ್ಲದೆ ‘ಡಜನ್‌ಗಟ್ಟಲೆ’ ಅನ್ನುವಾಗ ಮಾತ್ರ ಎರಡೂ ಓಡಿ ಬರುತ್ತವೆ: ಡಜನ್ಸ್ ಆಫ್ ಬನಾನಾಸ್, ಹಂಡ್ರೆಡ್ಸ್ ಆಫ್ ಪೀಪಲ್. ನಮ್ಮ ‘ಗಟ್ಟಲೆ’ ಮಾಡುವ ಕೆಲಸವನ್ನು ಅಲ್ಲಿ ಸ್ ಮತ್ತು ಆಫ್ ಸೇರಿ ಮಾಡುತ್ತವೆ. ಆ ಹುಡುಗಿ ಕೇಳದಿದ್ದರೆ ಇದು ಹೊಳೆಯುತ್ತಿರಲಿಲ್ಲ.

ಉಚ್ಚಾರದ ರಗಳೆ ಬೇರೆ ಇದೆ. ‘ಆಫ್’ ಪದದ ಕೊನೆ ‘ಫ್’ ಅಲ್ಲ, ‘ವ್’. ಮಾತಿನ ಓಟದಲ್ಲಿ ‘ಕಪ್ಪವ್ ಟೀ’ ಅಂತ ಒಂದೇ ಉಸಿರಿಗೆ ಹೋಗುತ್ತದೆ. ನಾವು ‘ಆಫ್’ ಅಂತ ಒತ್ತಿ ಹೇಳುತ್ತೇವೆ, ಮಕ್ಕಳು ಎರಡು ಎಫ್ ಹಾಕಿ ಲೈಟು ಆರಿಸುವ ಆಫ್ ಬರೆಯುತ್ತಾರೆ. ತಪ್ಪು ಬಾಯಿಂದ ಕೈಗೆ ಇಳಿದದ್ದು. ಟೀ ಕಪ್‌ನಲ್ಲಿ ಒತ್ತು ಟೀ ಮೇಲೆ, ಕಪ್ ಆಫ್ ಟೀಯಲ್ಲಿ ಕೊನೆಯ ಟೀ ಮೇಲೆ.

ಇನ್ನು ಕ್ರಿಯಾಪದ. ಟೇಬಲ್ ಮೇಲೆ ಎರಡು ಕಪ್ ಕಂಡರೆ ‘ಟೂ ಕಪ್ಸ್ ಆಫ್ ಟೀ ಆರ್’. ಆದರೆ ‘ಟೂ ಕಿಲೋಸ್ ಆಫ್ ಶುಗರ್ ಈಸ್ ಇನಫ್’, ಅಲ್ಲಿ ಎರಡು ಕಿಲೋ ಸೇರಿ ಒಂದೇ ಗಂಟು. ‘ಎ ನಂಬರ್ ಆಫ್ ಸ್ಟೂಡೆಂಟ್ಸ್ ಆರ್ ಆ್ಯಬ್ಸೆಂಟ್’ ಅಂದರೆ ಬಹಳ ಮಕ್ಕಳು ಬಂದಿಲ್ಲ. ‘ದ ನಂಬರ್ ಆಫ್ ಸ್ಟೂಡೆಂಟ್ಸ್ ಈಸ್ ಫಾರ್ಟಿ’ ಅಂದರೆ ಹಾಜರಿ ಪುಸ್ತಕದ ಅಂಕಿ. ‘ಎ’ ಹೋಗಿ ‘ದ’ ಬಂದರೆ ಯಜಮಾನಿಕೆ ಮಕ್ಕಳಿಂದ ಅಂಕಿಗೆ ಹೋಗುತ್ತದೆ.

ಚಹಾ ಆರಿ ಹೋಯಿತು. ಕಪ್ ಆಫ್ ಟೀಯೇ, ಆದರೆ ಕುಡಿಯುವ ಹಾಗಿಲ್ಲ.

ನಾಳೆಯ ಪಾಠ ಎ ಪೇರ್ ಆಫ್. ಚಪ್ಪಲಿಗೆ ಸಲೀಸು: ಒಂದು ಜೋಡಿ, ಎರಡು ಕಾಲು. ಆದರೆ ಎ ಪೇರ್ ಆಫ್ ಸಿಝರ್ಸ್ ಅಂದರೆ ಒಂದೇ ಕತ್ತರಿ, ಅಲಗು ಎರಡು ಅಂತ ಜೋಡಿ. ‘ಒಂದು ಜೋಡಿ ಕತ್ತರಿ ತಗೊಂಬಾ’ ಅಂದರೆ ಮಗು ಎರಡು ತರುತ್ತದೆ, ಅದರದ್ದೇನು ತಪ್ಪು. ಪ್ಯಾಂಟಿನದೂ ಇದೇ ಕತೆ, ಕನ್ನಡಕದ್ದೂ. ಇವಕ್ಕೆ ಕನ್ನಡದ ಕಡೆಯಿಂದ ಯಾವ ದಾರಿ ಹಿಡಿಯಬೇಕು ಅಂದರೆ, ಇಕ್ಕಳ ತೋರಿಸಿ ಶುರು ಮಾಡಿ ನೋಡಬೇಕು.