ಚೆಟ್ರಿ ಬಿಟ್ಟುಹೋದ ಜಾಗ: 95 ಗೋಲುಗಳನ್ನು ಬೇರೆ ಮಾಡಿ ತೂಗಿದರೆ

ಸುನಿಲ್ ಚೆಟ್ರಿ ಭಾರತ ಫುಟ್‌ಬಾಲ್ ತಂಡಕ್ಕೆ ಎರಡು ಸಲ ವಿದಾಯ ಹೇಳಿದ. ಮೊದಲನೆಯದು 2024ರ ಜೂನ್ 6ರಂದು, ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ ಕುವೈತ್ ಎದುರಿನ ಪಂದ್ಯ 0-0 ಆದ ರಾತ್ರಿ. ಮರುವರ್ಷ ಮಾರ್ಚಿನಲ್ಲಿ ಕೋಚ್ ಮನೋಲೊ ಮಾರ್ಕೆಸ್ ವಾಪಸ್ ಕರೆದರು. ಬಂದವನೇ ಶಿಲ್ಲಾಂಗಿನಲ್ಲಿ ಮಾಲ್ಡೀವ್ಸ್ ಮೇಲೆ ತಲೆಯಲ್ಲಿ 95ನೇ ಗೋಲು ಹೊಡೆದ. ಏಷ್ಯನ್ ಕಪ್ ದಾರಿ ಮುಚ್ಚಿದ ಮೇಲೆ, 2025ರ ನವೆಂಬರಿನಲ್ಲಿ ಎರಡನೇ ವಿದಾಯ.

ಶಿವಮೊಗ್ಗದ ಗೋಪಿ ಸರ್ಕಲ್ ಸುತ್ತಿನ ಟೀ ಅಂಗಡಿಗಳಲ್ಲಿ ಈ ವಿಷಯ ಎತ್ತಿದರೆ ಎರಡೇ ಪಂಗಡ. ಒಂದು ಪಂಗಡಕ್ಕೆ 95 ಅನ್ನುವ ಸಂಖ್ಯೆ ಸಾಕು, ಮುಂದೆ ಮಾತೇ ಬೇಡ. ಇನ್ನೊಂದು ಪಂಗಡ, ‘ಅಲ್ಲ ಮಾರಾಯ, ನೇಪಾಳ, ಮಾಲ್ಡೀವ್ಸ್ ಮೇಲೆ ಹೊಡೆದದ್ದನ್ನೂ ಲೆಕ್ಕಕ್ಕೆ ತಗೊಳ್ತೀಯಾ?’ ಅನ್ನುತ್ತದೆ. ಎರಡೂ ಪಂಗಡ ಇಡೀ ಮೂಟೆಯನ್ನು ಒಟ್ಟಿಗೆ ತಕ್ಕಡಿಗೆ ಹಾಕುತ್ತಿವೆ. ನಮ್ಮ ಮಂಡಿಯಲ್ಲಿ ಅಡಿಕೆಯನ್ನು ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಬೇರೆ ಮಾಡದೆ ಯಾರೂ ದರ ಹೇಳುವುದಿಲ್ಲ. ಗೋಲಿಗೂ ಅದೇ ನ್ಯಾಯ ಇರಲಿ.

ಬೇರೆ ಮಾಡಿದರೆ ಎರಡನೇ ಪಂಗಡದ ಮಾತಿನಲ್ಲಿ ಹುರುಳಿದೆ ಅಂತ ಒಪ್ಪಲೇಬೇಕು. 2021 ಮತ್ತು 2023ರ ಸಾಫ್ ಚಾಂಪಿಯನ್‌ಶಿಪ್ (ದಕ್ಷಿಣ ಏಷ್ಯಾ ದೇಶಗಳ ಟೂರ್ನಿ) ಎರಡರಲ್ಲೇ 10 ಗೋಲು ಬಂದಿವೆ, ಒಂದೊಂದರಲ್ಲಿ 5. ಕಂಠೀರವದಲ್ಲಿ ಪಾಕಿಸ್ತಾನದ ಮೇಲೆ ಹೊಡೆದ ಹ್ಯಾಟ್ರಿಕ್‌ನಲ್ಲಿ ಎರಡು ಪೆನಾಲ್ಟಿ. ಆದರೆ ಅದೇ ಮೂಟೆಯ ತಳದಲ್ಲಿ ಬೇರೆ ಮಾಲೂ ಇದೆ. 2008ರ ಎಎಫ್‌ಸಿ ಚಾಲೆಂಜ್ ಕಪ್ ಫೈನಲ್‌ನಲ್ಲಿ ತಜಿಕಿಸ್ತಾನದ ಮೇಲೆ ಹ್ಯಾಟ್ರಿಕ್; ಆ ಗೆಲುವಿನಿಂದಲೇ ಭಾರತಕ್ಕೆ 2011ರ ಏಷ್ಯನ್ ಕಪ್‌ಗೆ ಪ್ರವೇಶ ಸಿಕ್ಕಿದ್ದು. ಆ ಕಪ್‌ನಲ್ಲಿ ಬಹ್ರೇನ್ ಮತ್ತು ದಕ್ಷಿಣ ಕೊರಿಯಾ ಮೇಲೆ ಒಂದೊಂದು. 2019ರ ಏಷ್ಯನ್ ಕಪ್‌ನಲ್ಲಿ ಥಾಯ್ಲೆಂಡ್ ಮೇಲೆ ಎರಡು, ಪಂದ್ಯ 4-1. ಕೊರಿಯಾ ಮೇಲಿನದು ಪೆನಾಲ್ಟಿ, ಥಾಯ್ಲೆಂಡ್ ಮೇಲಿನ ಎರಡರಲ್ಲಿ ಒಂದು ಪೆನಾಲ್ಟಿ. ಪೆನಾಲ್ಟಿ ಅಂದ ಕೂಡಲೇ ಮೂಗು ಮುರಿಯುವವರು ನಮ್ಮಲ್ಲಿ ಬಹಳ. ವರ್ಷಗಟ್ಟಲೆ ತಂಡದ ಪೆನಾಲ್ಟಿ ಹೊರೆ ಒಬ್ಬನ ಹೆಗಲ ಮೇಲೇ ಇತ್ತು ಅನ್ನುವುದನ್ನು ಅವರು ಮರೆಯುತ್ತಾರೆ.

ಗೋಲು ಯಾರ ಮೇಲೆ ಬಿತ್ತು ಅನ್ನುವುದಕ್ಕಿಂತ ಹೇಗೆ ಬಿತ್ತು ಅನ್ನುವುದು ನನಗೆ ಮುಖ್ಯ. ಚೆಟ್ರಿಯ ಎತ್ತರ 170 ಸೆಂ.ಮೀ. ಎದುರು ನಿಲ್ಲುತ್ತಿದ್ದ ಸೆಂಟರ್ ಬ್ಯಾಕ್‌ಗಳು ಸಾಮಾನ್ಯವಾಗಿ ಅವನಿಗಿಂತ ಗೇಣು ಎತ್ತರ. ಹಾಗಿದ್ದೂ ತಂಡಕ್ಕೆ ತೀರಾ ಬೇಕಾದಾಗ ಬಿದ್ದ ಗೋಲುಗಳಲ್ಲಿ ಹೆಡರ್‌ಗಳೇ ಎದ್ದು ಕಾಣುತ್ತವೆ. 2021ರ ಜೂನ್‌ನಲ್ಲಿ ವಿಶ್ವಕಪ್ ಅರ್ಹತಾ ಸುತ್ತು, ಬಾಂಗ್ಲಾದೇಶದ ಎದುರು 79ನೇ ನಿಮಿಷದವರೆಗೆ 0-0; ಎಡದಿಂದ ಆಶಿಕ್ ಕುರುಣಿಯನ್ ಕ್ರಾಸ್ (ಬದಿಯಿಂದ ಗೋಲಿನ ಮುಂದಕ್ಕೆ ಹಾಕುವ ಚೆಂಡು), ಚೆಟ್ರಿ ತಲೆ. 2022ರಲ್ಲಿ ಕಾಂಬೋಡಿಯಾ ಎದುರು ಬ್ರ್ಯಾಂಡನ್ ಫರ್ನಾಂಡಿಸ್ ಕ್ರಾಸ್‌ಗೆ ಮತ್ತೆ ತಲೆ. ಕ್ಲಬ್ಬಿಗೆ ಬಂದರೆ, 2025ರ ಏಪ್ರಿಲ್‌ನಲ್ಲಿ ದೇಶದ ಕ್ಲಬ್ ಲೀಗ್ ಐಎಸ್‌ಎಲ್‌ನ ಸೆಮಿಫೈನಲ್‌ನ ಎರಡನೇ ಲೆಗ್. ಗೋವಾ 2-0 ಮುಂದೆ, ಎರಡು ಪಂದ್ಯ ಸೇರಿ ಒಟ್ಟು ಲೆಕ್ಕ 2-2, ಇಂಜುರಿ ಟೈಮ್. ಆಗಲೂ ಹೆಡರ್, ಬೆಂಗಳೂರು ಎಫ್‌ಸಿ ಫೈನಲ್‌ಗೆ. ಅವನಿಗಾಗ 40 ದಾಟಿತ್ತು.

ಇದು ಜಿಗಿತದ ಬಲ ಅಲ್ಲ. ಚೆಂಡು ಬರುವ ಹೊತ್ತಿಗೆ ಡಿಫೆಂಡರ್ ನಿಂತಲ್ಲೇ ಇರುತ್ತಾನೆ, ಇವನು ಓಡುತ್ತಾ ಬಂದಿರುತ್ತಾನೆ. ನಿಂತು ಜಿಗಿಯುವವನಿಗಿಂತ ಓಡಿಬಂದು ಜಿಗಿಯುವವನು ಮೇಲೇರುತ್ತಾನೆ; ಅಷ್ಟರಲ್ಲೇ ಎತ್ತರದ ವ್ಯತ್ಯಾಸ ಅಳಿಸಿಹೋಗುತ್ತದೆ. ಹಳೆಯ ವಿಡಿಯೊ ಹಾಕಿದರೆ ಚೆಂಡನ್ನು ಬಿಟ್ಟು ಅವನನ್ನೊಬ್ಬನನ್ನೇ ನೋಡಿ. ಕ್ರಾಸ್ ಬರುವ ಮೊದಲು ಡಿಫೆಂಡರ್‌ನ ಎದುರಿಗೆ ನಿಲ್ಲುವುದೇ ಇಲ್ಲ, ಅವನ ಆಚೆಯ ಭುಜದ ಹಿಂದೆ ಇರುತ್ತಾನೆ. ಡಿಫೆಂಡರ್ ಚೆಂಡನ್ನೂ ಇವನನ್ನೂ ಒಟ್ಟಿಗೆ ನೋಡುವ ಹಾಗಿಲ್ಲ, ಒಂದಕ್ಕೆ ಕತ್ತು ತಿರುಗಿಸಿದರೆ ಇನ್ನೊಂದು ತಪ್ಪುತ್ತದೆ. ಫಾರ್ ಪೋಸ್ಟ್, ಅಂದರೆ ಕ್ರಾಸ್ ಬರುವ ಬದಿಯಿಂದ ದೂರದ ಗೋಲುಕಂಬದ ಕಡೆಗೆ ಎರಡು ಹೆಜ್ಜೆ ಇಟ್ಟು, ಒಂದು ಕ್ಷಣ ಸುಮ್ಮನಾಗಿ, ಆಮೇಲೆ ಡಿಫೆಂಡರ್‌ನ ಮುಂದೆ ನುಗ್ಗುತ್ತಾನೆ. ಆ ಸುಮ್ಮನಾಗುವ ಅರ್ಧ ಸೆಕೆಂಡೇ ಅವನ ಬಂಡವಾಳ. 2019ರಲ್ಲಿ ಗುವಾಹಟಿಯಲ್ಲಿ ಒಮಾನ್ ಮೇಲೆ ಹೊಡೆದ ಗೋಲೂ ಇದೇ ಜಾತಿಯದು. ಫ್ರೀ ಕಿಕ್‌ಗೆ ಎಲ್ಲರೂ ಎತ್ತರದ ಚೆಂಡಿಗೆ ಕಾಯುತ್ತಿದ್ದಾಗ ಬ್ರ್ಯಾಂಡನ್ ನೆಲಕ್ಕೇ ತಳ್ಳಿದ, ಚೆಟ್ರಿ ಗುಂಪಿನಿಂದ ಕಳಚಿಕೊಂಡು ಒಬ್ಬನೇ ನಿಂತಿದ್ದ.

ಇದನ್ನು ಕಲಿಯಲು ಹಣ ಬೇಡ, ಮೂರು ಜನ ಮತ್ತು ಒಂದು ಗೋಲ್ ಪೋಸ್ಟ್ ಸಾಕು. ನಮ್ಮ ಹುಡುಗರು ಚೆಟ್ರಿಯ ವಿಡಿಯೊ ನೋಡಿ ಫ್ರೀ ಕಿಕ್ ಅಭ್ಯಾಸ ಮಾಡುತ್ತಾರೆ, ಈ ಓಟ ಮಾಡುವುದಿಲ್ಲ. ಆದ್ದರಿಂದ ಬಿಡಿಸಿ ಹೇಳುತ್ತೇನೆ. ಒಬ್ಬ ಬಲಗಡೆ ಟಚ್‌ಲೈನ್ ಹತ್ತಿರ, ಪೆನಾಲ್ಟಿ ಬಾಕ್ಸ್‌ನ ಮೇಲಿನ ಗೆರೆಯ ನೇರಕ್ಕೆ ಚೆಂಡು ಇಟ್ಟುಕೊಳ್ಳಲಿ. ಡಿಫೆಂಡರ್ ಆದವನು ಪೆನಾಲ್ಟಿ ಸ್ಪಾಟ್‌ಗಿಂತ ಗೋಲಿನ ಕಡೆಗೆ ಎರಡು ಹೆಜ್ಜೆ ಮುಂದೆ. ಸ್ಟ್ರೈಕರ್ ಅವನ ಬಲಭುಜದ ಹಿಂದೆ, ಒಂದು ಕೈ ದೂರದಲ್ಲಿ. ಕ್ರಾಸ್ ಹಾಕುವವನು ಚೆಂಡನ್ನು ಒಮ್ಮೆ ಮುಂದೆ ತಳ್ಳಿದಾಗ ಸ್ಟ್ರೈಕರ್ ಫಾರ್ ಪೋಸ್ಟ್ ಕಡೆ ಎರಡು ಹೆಜ್ಜೆ ಸರಿಯಬೇಕು, ನಿಧಾನವಾಗಿ. ಕ್ರಾಸ್ ಹಾಕುವವನ ಊರುಗಾಲು, ಅಂದರೆ ಚೆಂಡು ಒದೆಯದ ಕಾಲು, ನೆಲಕ್ಕೆ ಬಿದ್ದ ಕೂಡಲೇ ದಿಕ್ಕು ಬದಲಿಸಿ ನಿಯರ್ ಪೋಸ್ಟ್, ಅಂದರೆ ಹತ್ತಿರದ ಕಂಬದ ಕಡೆಗೆ ನಾಲ್ಕೈದು ಹೆಜ್ಜೆ, ಪೂರ್ತಿ ವೇಗದಲ್ಲಿ. ಚೆಂಡು ಸಿಗಬೇಕಾದ ಜಾಗ ಗೋಲಿನಿಂದ 5.5 ಮೀಟರ್ ದೂರದ ಚಿಕ್ಕ ಬಾಕ್ಸ್‌ನ ಹತ್ತಿರದ ಮೂಲೆ.

ಎಡವಟ್ಟಾಗುವುದು ಹೆಚ್ಚಾಗಿ ಒಂದೇ ಕಡೆ: ಬೇಗ ಓಡುವುದು. ಬೇಗ ಹೋದವನಿಗೆ ಚೆಂಡು ಬೆನ್ನ ಹಿಂದೆ ಬೀಳುತ್ತದೆ, ಹಿಂದಕ್ಕೆ ವಾಲಿ ತಲೆ ಕೊಡುತ್ತಾನೆ, ಚೆಂಡು ಬಾರ್ ಮೇಲೆ ಹೋಗುತ್ತದೆ. ಕಣ್ಣು ಚೆಂಡಿನ ಮೇಲೇ ಇದ್ದರೆ ಈ ತಪ್ಪು ಖಂಡಿತ, ಆದ್ದರಿಂದಲೇ ಕ್ರಾಸ್ ಹಾಕುವವನ ಕಾಲು ನೋಡಿ ಅನ್ನುವುದು. ಇನ್ನೊಂದು ತಪ್ಪು, ನೆತ್ತಿಯಲ್ಲಿ ಹೊಡೆಯುವುದು. ಹಣೆಯಲ್ಲಿ, ಕೂದಲು ಶುರುವಾಗುವ ಗೆರೆಯ ಕೆಳಗೆ, ಕತ್ತು ಬಿಗಿ ಹಿಡಿದು, ಚೆಂಡಿನ ಮೇಲರ್ಧಕ್ಕೆ. ತಲೆ ಕೊಡುವುದಾದರೆ ಒಂದು ಸಲಕ್ಕೆ ಹತ್ತು ಕ್ರಾಸ್, ವಾರಕ್ಕೆ ಒಂದು ಸಲ, ಅದಕ್ಕಿಂತ ಹೆಚ್ಚು ಬೇಡ. ಚಿಕ್ಕ ಮಕ್ಕಳಾದರೆ ಹೆಡರ್ ಬಿಟ್ಟುಬಿಡಿ, ಇದೇ ಓಟ ಓಡಿ ಕಾಲಲ್ಲಿ ಮುಗಿಸಲಿ. ಓಟವೇ ವಿದ್ಯೆ, ತಲೆ ಆಮೇಲೆ.

ಮಲೆನಾಡಿನಲ್ಲಿ ಒಂದು ತೊಡಕು ಹೆಚ್ಚುವರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೀರ್ಥಹಳ್ಳಿ, ಹೊಸನಗರ ಕಡೆ ಮೈದಾನ ಮೈದಾನವಾಗಿರುವುದಿಲ್ಲ. ಹುಲ್ಲು ಒದ್ದೆಯಾಗಿ ನೀರು ನಿಲ್ಲದಿದ್ದರೆ ನೆಲದ ಕ್ರಾಸ್ ಜಾರಿ ಬೇಗ ಬರುತ್ತದೆ. ಆಗ ಓಟ ಅರ್ಧ ಹೆಜ್ಜೆ ಮುಂಚೆ ಶುರುವಾಗಬೇಕು. ನೀರು ನಿಂತಿದ್ದರೆ ಚೆಂಡು ಅಲ್ಲೇ ಕೂರುತ್ತದೆ. ನೆಲದ ಕ್ರಾಸ್ ಮರೆತು ಎತ್ತರಕ್ಕೆ ಹಾಕಿಸಿ. ಕೆಂಪು ಮಣ್ಣು ಚಿಕ್ಕ ರಬ್ಬರ್ ಸ್ಟಡ್‌ಗಳ ನಡುವೆ ತುಂಬಿಕೊಂಡು ಅಡಿ ಚಪ್ಪಟೆಯಾಗುತ್ತದೆ, ದಿಕ್ಕು ಬದಲಿಸುವ ಹೆಜ್ಜೆಯಲ್ಲೇ ಜಾರುವುದು ಅದಕ್ಕೇ. ಉದ್ದ ಸ್ಟಡ್ ಬೇಕು, ಇಲ್ಲವೇ ಐದು ನಿಮಿಷಕ್ಕೊಮ್ಮೆ ಕಡ್ಡಿಯಲ್ಲಿ ಕೆರೆಯಬೇಕು. ಕೈಹೊಲಿಗೆಯ ಹಳೆ ಚೆಂಡು ನೀರು ಕುಡಿದರೆ ನಿಯಮದ 410-450 ಗ್ರಾಂ ದಾಟಿಬಿಡುತ್ತದೆ. ಅಂಥ ಚೆಂಡಿನಲ್ಲಿ ಹೆಡರ್ ಅಭ್ಯಾಸ ಮಾಡಿಸುವ ಕೋಚ್‌ನ ತಲೆಗೇ ಮೊದಲು ನಾಲ್ಕು ಹಾಕಿಸಬೇಕು.

ಈಗ ತಕ್ಕಡಿಯ ಇನ್ನೊಂದು ತಟ್ಟೆ. ಚೆಟ್ರಿಯ ದೊಡ್ಡ ಕೊರತೆ, ಗೋಲಿಗೆ ಬೆನ್ನು ಮಾಡಿ ಚೆಂಡು ಹಿಡಿದು ನಿಲ್ಲುವ ಕೆಲಸ. ಹಿಂದಿನಿಂದ ಉದ್ದಕ್ಕೆ ಎತ್ತಿಹಾಕಿದ ಚೆಂಡನ್ನು ಎದೆಯಲ್ಲಿ ತಡೆದು, ಬೆನ್ನ ಮೇಲೆ ಡಿಫೆಂಡರ್‌ನನ್ನು ಹೊತ್ತು, ಜೊತೆಗಾರರು ಬರುವವರೆಗೆ ಕಾಯುವುದು ಅವನ ಮೈಕಟ್ಟಿಗೆ ಹೊಂದುವ ಆಟ ಅಲ್ಲ. ಬೆಂಗಳೂರು ಎಫ್‌ಸಿ ಇದನ್ನು ಚೆನ್ನಾಗಿ ಅರಿತಿತ್ತು. 2017-18ರಲ್ಲಿ ಕೋಚ್ ಆಲ್ಬರ್ಟ್ ರೋಕಾ ವೆನೆಜುವೆಲಾದ ಮಿಕುವನ್ನು ನಡುವೆ ನಿಲ್ಲಿಸಿ ಚೆಟ್ರಿಯನ್ನು ಎಡಕ್ಕೆ ಹಾಕಿದರು. ಹೊಡೆತ ತಿನ್ನುವ ಕೆಲಸ ಮಿಕುವಿನದು, ಅವನು ಎಳೆದುಕೊಂಡು ಹೋದ ಡಿಫೆಂಡರ್‌ಗಳ ಜಾಗಕ್ಕೆ ಎಡದಿಂದ ಒಳನುಗ್ಗುವುದು ಚೆಟ್ರಿಯದು. ಆ ಸೀಸನ್ ಐಎಸ್‌ಎಲ್‌ನಲ್ಲಿ ಮಿಕು 15, ಚೆಟ್ರಿ 14.

ಭಾರತ ತಂಡದಲ್ಲಿ ಮಿಕು ಇರಲಿಲ್ಲ. 35 ದಾಟಿ ವೇಗ ಇಳಿಯುತ್ತಿದ್ದವನನ್ನೇ ನಟ್ಟನಡುವೆ ಒಬ್ಬಂಟಿಯಾಗಿ ನಿಲ್ಲಿಸಲಾಯಿತು. ಬಲಿಷ್ಠ ತಂಡದ ಎದುರು ನಮ್ಮವರು ಹಿಂದೆ ಕೂತು ಚೆಂಡನ್ನು ಉದ್ದಕ್ಕೆ ಹೊಡೆಯುತ್ತಾರೆ, ಅದು ಚೆಟ್ರಿಗೆ ಹೋಗಿ ಎರಡು ಸೆಕೆಂಡಿನಲ್ಲಿ ವಾಪಸ್ ಬರುತ್ತದೆ, ಉಸಿರು ತಗೊಳ್ಳಲು ಯಾರಿಗೂ ಸಮಯ ಇಲ್ಲ. ಕತಾರ್‌ನಲ್ಲಿ 2024ರ ಜನವರಿಯಲ್ಲಿ ನಡೆದ ಏಷ್ಯನ್ ಕಪ್‌ನಲ್ಲಿ ಆಸ್ಟ್ರೇಲಿಯಾ 0-2, ಉಜ್ಬೇಕಿಸ್ತಾನ 0-3, ಸಿರಿಯಾ 0-1. ಮೂರು ಪಂದ್ಯ, ಒಂದೂ ಗೋಲಿಲ್ಲ. ಆಸ್ಟ್ರೇಲಿಯಾ ಎದುರು 16ನೇ ನಿಮಿಷದಲ್ಲಿ ಬಲದಿಂದ ಬಂದ ಕ್ರಾಸ್‌ಗೆ ಚೆಟ್ರಿ ಎಂದಿನ ಹಾಗೇ ಕಳಚಿಕೊಂಡು ಬಂದಿದ್ದ, ಹೆಡರ್ ಪೋಸ್ಟ್ ಪಕ್ಕಕ್ಕೆ ಹೋಯಿತು. ಅಂಥ ಅವಕಾಶ ಪಂದ್ಯಕ್ಕೆ ನಾಲ್ಕು ಸಿಗುವ ತಂಡದಲ್ಲಿ ಒಂದು ತಪ್ಪಿದರೆ ಯಾರೂ ನೆನಪಿಡುವುದಿಲ್ಲ. ನಮಗೆ ಸಿಕ್ಕಿದ್ದೇ ಅದೊಂದು.

ಹಾಗಾಗಿ ‘ದೊಡ್ಡ ತಂಡದ ಮೇಲೆ ಹೊಡೆಯಲಿಲ್ಲ’ ಅನ್ನುವ ದೂರು ಅರ್ಧ ಸರಿ. ಬಾಕ್ಸ್‌ಗೆ ಚೆಂಡು ಬಂದರೆ ಮಾತ್ರ ಬೆಲೆ ಇರುವ ಆಟಗಾರನನ್ನು, ಬಾಕ್ಸ್‌ಗೆ ಚೆಂಡು ಮುಟ್ಟಿಸಲಾಗದ ತಂಡದಲ್ಲಿ ಇಟ್ಟಿದ್ದೆವು. ಉಳಿದರ್ಧ ಮಾತ್ರ ಅವನದೇ: ಕೊನೆಯ ಐದಾರು ವರ್ಷ ಡಿಫೆಂಡರ್‌ನ ಹಿಂದಿನ ಖಾಲಿ ಜಾಗಕ್ಕೆ ಓಡಿ ಅವರನ್ನು ಹೆದರಿಸುವ ವೇಗ ಉಳಿದಿರಲಿಲ್ಲ. ಅದನ್ನು ತಿಳಿದ ಎದುರಾಳಿ ಹಿಂಬದಿ ಗೆರೆಯನ್ನು ಧೈರ್ಯವಾಗಿ ಮುಂದೆ ತಂದು ನಮ್ಮ ಮಿಡ್‌ಫೀಲ್ಡ್‌ನ ಕುತ್ತಿಗೆ ಹಿಸುಕುತ್ತಿತ್ತು.

ಜಾಣತನಕ್ಕೆ ಅಂಕ ಕೊಡುವಾಗ 2023ರ ಮಾರ್ಚ್ 3ರ ಕಂಠೀರವದ ಫ್ರೀ ಕಿಕ್ ಬಿಡುವ ಹಾಗಿಲ್ಲ. ಕೇರಳ ಬ್ಲಾಸ್ಟರ್ಸ್ ಎದುರಿನ ಪ್ಲೇಆಫ್, ಹೆಚ್ಚುವರಿ ಸಮಯ, ಅವರು ಗೋಡೆ ಕಟ್ಟುವ ಮೊದಲೇ ಹೊಡೆದ. ಅವರು ಮೈದಾನ ಬಿಟ್ಟೇ ಹೋದರು. ಅನ್ಯಾಯ ಅನ್ನುವವರಿಗೆ ನಿಯಮ ಇಷ್ಟೇ: ಸೀಟಿಗೆ ಕಾಯಿರಿ ಅಂತ ರೆಫರಿ ಹೇಳದಿದ್ದರೆ ಕಾಯಬೇಕಿಲ್ಲ. ಕಣ್ಣೂರು, ಕಾಸರಗೋಡಿನ ಗೆಳೆಯರಿರುವ ಶಿವಮೊಗ್ಗದವರು ಈ ಪ್ಯಾರಾ ಅವರಿಗೆ ಕಳಿಸದಿರುವುದು ಒಳ್ಳೆಯದು.

ಬದಲಿ ಯಾರು ಅನ್ನುವ ಪ್ರಶ್ನೆಯನ್ನು ಬಹಳ ಮಂದಿ ತಪ್ಪಾಗಿ ಕೇಳುತ್ತಿದ್ದಾರೆ. ಚಾಂಗ್ಟೆಯನ್ನು ನಡುವೆ ಹಾಕಿ ಅನ್ನುತ್ತಾರೆ. ಚಾಂಗ್ಟೆ ರೆಕ್ಕೆಯ ಆಟಗಾರ, ಎದುರಿಗೆ ಖಾಲಿ ಜಾಗ ಬೇಕು; ಬಾಕ್ಸ್‌ನ ಇಕ್ಕಟ್ಟಿನಲ್ಲಿ ಅವನ ವೇಗ ವ್ಯರ್ಥ. ಮನ್ವೀರ್ ಸಿಂಗ್‌ಗೆ ಎತ್ತರವೂ ಮೈಬಲವೂ ಇದೆ, ಆದರೆ ಕ್ಲಬ್ಬಿನಲ್ಲಿ ವರ್ಷಗಟ್ಟಲೆ ಬಲರೆಕ್ಕೆಯಲ್ಲಿ ಆಡಿದ್ದಾನೆ. ಇದಕ್ಕೆ ಕಾರಣ ಎಲ್ಲರಿಗೂ ಗೊತ್ತು: ಐಎಸ್‌ಎಲ್ ಕ್ಲಬ್ಬುಗಳು ತಮ್ಮ ವಿದೇಶಿ ಆಟಗಾರರ ಕೋಟಾವನ್ನು ಮೊದಲು ಖರ್ಚು ಮಾಡುವುದೇ ಸೆಂಟರ್ ಫಾರ್ವರ್ಡ್ ಮೇಲೆ. ಭಾರತೀಯ ಹುಡುಗ ಸ್ಟ್ರೈಕರ್ ಆಗಿ ಬಂದರೂ ವಿಂಗರ್ ಆಗಿ ಬೆಳೆಯುತ್ತಾನೆ. ನಿಯರ್ ಪೋಸ್ಟ್‌ಗೆ ಯಾವಾಗ ನುಗ್ಗಬೇಕು ಅನ್ನುವುದನ್ನು ಪಂದ್ಯದ ಬಿಸಿಯಲ್ಲಿ ಕಲಿಯಲು ಅವನಿಗೆ ಜಾಗವೇ ಇಲ್ಲ.

ನನ್ನ ಲೆಕ್ಕದಲ್ಲಿ ಮನ್ವೀರ್‌ನಂಥವನು ನಡುವೆ ನಿಂತು ಡಿಫೆಂಡರ್‌ಗಳ ಜೊತೆ ಗುದ್ದಾಡಲಿ, ಗೋಲು ಕಮ್ಮಿಯಾದರೂ ಪರವಾಗಿಲ್ಲ. ಎಡದಿಂದಲೋ ಬಲದಿಂದಲೋ ಒಳಬರುವ ಇಬ್ಬರು ಗೋಲಿನ ಹೊರೆ ಹೊರಲಿ. ಅಂದರೆ ರೋಕಾ 2017ರಲ್ಲಿ ಬೆಂಗಳೂರಿನಲ್ಲಿ ಹಾಕಿದ ಲೆಕ್ಕವೇ. ಚೆಟ್ರಿ 30 ದಾಟಿದಾಗಲೇ ಭಾರತ ತಂಡ ಇದಕ್ಕೆ ಹೊರಳಿದ್ದರೆ, ಮೊದಲ ವಿದಾಯದ ಆಮೇಲೆ ಅವನನ್ನು ಮತ್ತೆ ಕರೆಯುವ ಗತಿ ಬರುತ್ತಿರಲಿಲ್ಲ.