ಜಿರಾಫೆಗೆ ಇನ್ನೂ 22

ಮೇ ತಿಂಗಳ ಕೊನೆಯ ಭಾನುವಾರ. ಕಲಬುರಗಿಯ ಬಿಸಿಲು ಬೆಳಿಗ್ಗೆ ಹತ್ತಕ್ಕೇ ಎಲ್ಲರ ಮನೆ ಬಾಗಿಲು ಹಾಕಿಸಿತ್ತು. ಕಿಟಕಿಗೆ ಒದ್ದೆ ಚಾದರ ಕಟ್ಟಿ, ಕೂಲರ್‌ಗೆ ಎರಡು ಕೊಡ ನೀರು ಸುರಿದು, ನಾನೂ ನನ್ನ ಅಕ್ಕನ ಮಗನೂ ಲ್ಯಾಪ್‌ಟಾಪ್ ಮುಂದೆ ಕೂತಿದ್ದೆವು. ಅವನಿಗೆ 14 ವರ್ಷ. ರಜೆಗೆ ಬಂದು ಮೂರು ವಾರ ಆಗಿತ್ತು. ಆ ಮೂರು ವಾರವೂ ನಾವಿಬ್ಬರೂ ಸೇರಿ ಒಂದೇ ಆಟ ಆಡಿದ್ದೆವು, ಬ್ಯಾಸ್ಕೆಟ್‌ಬಾಲ್ ಜಿಎಂ.

ಇದರಲ್ಲಿ ನೀವು ಚೆಂಡು ಮುಟ್ಟುವುದಿಲ್ಲ. ತಂಡ ಕಟ್ಟುತ್ತೀರಿ, ಅಷ್ಟೇ. ಯಾರನ್ನು ತಗೋಬೇಕು, ಯಾರನ್ನು ಬಿಡಬೇಕು, ಯಾರಿಗೆ ಎಷ್ಟು ಸಂಬಳ ಅನ್ನೋದು ನಿಮ್ಮ ಕೆಲಸ. ಪಂದ್ಯಗಳನ್ನು ಕಂಪ್ಯೂಟರೇ ಆಡುತ್ತದೆ. ಬ್ರೌಸರ್‌ನಲ್ಲೇ ನಡೆಯುತ್ತದೆ, ದುಡ್ಡು ಕೊಡಬೇಕಿಲ್ಲ. ಲೀಗಿನ ಮಾಹಿತಿ ಎಲ್ಲ ನಮ್ಮ ಲ್ಯಾಪ್‌ಟಾಪ್‌ನಲ್ಲೇ ಉಳಿಯುವುದರಿಂದ ನೆಟ್ ಹೋದರೂ ಆಟ ನಿಲ್ಲುವುದಿಲ್ಲ. ಹುಡುಗ ನಮ್ಮ ತಂಡಕ್ಕೆ ಗುಲ್ಬರ್ಗಾ ಮಿಸ್ಟಿಕ್ಸ್ ಅಂತ ಹೆಸರಿಟ್ಟಿದ್ದ. 2022ರಲ್ಲಿ ಮನೀಶ್ ಪಾಂಡೆ ನಾಯಕನಾಗಿ ಮಹಾರಾಜ ಟ್ರೋಫಿ ಗೆದ್ದ ಕ್ರಿಕೆಟ್ ತಂಡದ ಹೆಸರು ಅದು. ಬ್ಯಾಸ್ಕೆಟ್‌ಬಾಲ್‌ಗೂ ಅದೇ ಇರಲಿ ಅಂದ, ನಾನೂ ಹೂಂ ಅಂದೆ.

ಆ ಭಾನುವಾರ ಅವನು ನನ್ನ ಜೊತೆ ಮಾತು ಬಿಟ್ಟಿದ್ದ.

ಕಾರಣ ಹೇಳುತ್ತೇನೆ. ನಮ್ಮ ತಂಡದಲ್ಲಿ 30 ವರ್ಷದ ಒಬ್ಬ ಆಟಗಾರ ಇದ್ದ. ಓವರಾಲ್, ಅಂದರೆ ಅವನ ಆಟಕ್ಕೆ ಕೊಟ್ಟ ಒಟ್ಟಾರೆ ಅಂಕ, 66. ಹುಡುಗನಿಗೆ ಅವನೆಂದರೆ ಪ್ರಾಣ. ಅವನನ್ನು ಕೊಟ್ಟು 19ರ ಒಬ್ಬ ಹೊಸಬನನ್ನು ತಗೋ ಅಂತ ನಾನು ಹೇಳಿದೆ. ಹೊಸಬ ಆಗ 47 ಇದ್ದ, ಪೊಟೆನ್ಶಿಯಲ್, ಅಂದರೆ ಮುಂದೆ ಮುಟ್ಟಬಹುದು ಅಂತ ಆಟ ತೋರಿಸುವ ಅಂಕ, 74. ಎತ್ತರ ಏಳು ಅಡಿಗೂ ಜಾಸ್ತಿ ಇದ್ದದ್ದಕ್ಕೆ ಹುಡುಗ ಅವನಿಗೆ ಜಿರಾಫೆ ಅಂತ ಹೆಸರಿಟ್ಟ. ಒಲ್ಲದ ಮನಸ್ಸಿನಿಂದಲೇ ಟ್ರೇಡ್ ಮಾಡಿದ. ಮುಂದಿನ ಪ್ರಿಸೀಸನ್, ಅಂದರೆ ವರ್ಷದ ಪಂದ್ಯಗಳು ಶುರುವಾಗುವ ಮುಂಚಿನ ಹೊತ್ತು, ಬಂತು. ಈ ಆಟದಲ್ಲಿ ಆಟಗಾರರ ಅಂಕಗಳು ಏರುವುದು ಇಳಿಯುವುದು ಆಗಲೇ, ವರ್ಷಕ್ಕೊಂದು ಸಲ. ಜಿರಾಫೆ 47ರಿಂದ 45ಕ್ಕೆ ಇಳಿದ. ಪೊಟೆನ್ಶಿಯಲ್ 74 ಇದ್ದದ್ದು 66 ಆಯಿತು. ನಾವು ಕೊಟ್ಟು ಕಳಿಸಿದವನು 67ಕ್ಕೆ ಏರಿದ.

"ಮಾಮಾ, ನೀನೇ ಹೇಳಿದ್ದಿ. ನೀ ಹೇಳಿದ್ದಕ್ಕ ನಾ ಕೊಟ್ಟೆ." ಅಷ್ಟು ಹೇಳಿ ಗೋಡೆ ಕಡೆ ಮುಖ ಮಾಡಿ ಮಲಗಿದ.

ಸುಮ್ನೆ ಆಟ ಅಲ್ವಾ ಅಂತ ಬಿಡಬಹುದಿತ್ತು. ನನ್ನಿಂದ ಆಗಲಿಲ್ಲ. ನನ್ನ ಮಾತು ನಂಬಿ ಒಂದು ಮಗು ತನಗೆ ಇಷ್ಟವಾದದ್ದನ್ನು ಬಿಟ್ಟುಕೊಟ್ಟಿತ್ತು. ನಾನು ಹೇಳಿದ್ದು ತಪ್ಪೋ, ಇಲ್ಲಾ ನಮ್ಮ ನಸೀಬು ಕೆಟ್ಟದ್ದೋ? ಇವೆರಡೂ ಬೇರೆ ಬೇರೆ. ಯಾವುದು ಅಂತ ತಿಳಿಯದೆ ಅವನಿಗೆ ಮುಖ ತೋರಿಸುವುದು ಹೇಗೆ?

ಸದ್ಯ, ಒಂದು ಒಳ್ಳೆ ಅಭ್ಯಾಸ ನನಗಿತ್ತು. ಆಟದ ಪ್ರತಿ ವರ್ಷ ಡ್ರಾಫ್ಟ್, ಅಂದರೆ ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವುದು, ಮುಗಿದ ಮೇಲೆ ಇಡೀ ಲೀಗನ್ನು ಒಂದು ಫೈಲ್ ಆಗಿ ಇಳಿಸಿಡುತ್ತಿದ್ದೆ. ಆ ಫೈಲನ್ನು ಎಷ್ಟು ಸಲ ಬೇಕಾದರೂ ಹೊಸ ಲೀಗ್ ಆಗಿ ತೆರೆಯಬಹುದು. ಅಂದರೆ ಜಿರಾಫೆಯನ್ನು ಮತ್ತೆ 19ಕ್ಕೆ ತಂದು ನಿಲ್ಲಿಸಬಹುದು. ಹುಡುಗನನ್ನು ಎಬ್ಬಿಸಿ ಹೇಳಿದೆ, ಇವನನ್ನು 20 ಸಲ ಬೆಳೆಸಿ ನೋಡೋಣ, ನೀ ಬರ್ಕೊ. ಗೆಲ್ಲೋಕೆ ಅಂತ ಹಳೇ ಫೈಲ್ ತೆರೆಯುವುದು ನನಗೆ ಇಷ್ಟವಿಲ್ಲ. ಒಳ್ಳೆ ಅಂಕ ಬರೋತನಕ ಮತ್ತೆ ಮತ್ತೆ ತೆರೆದರೆ ಆ ತಂಡ ನಮ್ಮದು ಅನಿಸುವುದೇ ಇಲ್ಲ. ಇದು ತಿಳಿದುಕೊಳ್ಳೋಕೆ, ಅದೂ ಒಂದೇ ಒಂದು ಸಲ ಅಂತ ಮೊದಲೇ ಮಾತಾಡಿಕೊಂಡೆವು.

ಅವನು ನೋಟ್‌ಬುಕ್ ತೆಗೆದು ಪಟ್ಟಿ ಹಾಕಿ ಗೆರೆ ಎಳೆದ. ಫೈಲ್ ತೆರೆ, ಪ್ರಿಸೀಸನ್ ತನಕ ಓಡಿಸು, ಅಂಕ ಬರಿ, ಮುಚ್ಚು. ಎಂಟನೇ ಸಲಕ್ಕೆ ಕರೆಂಟ್ ಹೋಯಿತು. ಕೂಲರ್ ನಿಂತಿತು, ವೈಫೈ ಹೋಯಿತು. ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ನಾವು ಮುಂದುವರಿಸಿದೆವು. ಬೆವರಿಗೆ ನೋಟ್‌ಬುಕ್ಕಿನ ಹಾಳೆ ಅವನ ಮೊಣಕೈಗೆ ಅಂಟುತ್ತಿತ್ತು.

20 ಸಾಲು ತುಂಬಿದಾಗ ಪಟ್ಟಿ ಹೀಗಿತ್ತು. 7 ಸಲ ಜಿರಾಫೆ ಒಂದೆರಡು ಅಂಕ ಇಳಿದಿದ್ದ. 9 ಸಲ 48ರಿಂದ 52ರ ಒಳಗೆ ಬಂದಿದ್ದ. 4 ಸಲ 53 ದಾಟಿದ್ದ, ಅದರಲ್ಲಿ ಒಂದು ಸಲ 57! ಅದೇ ಹುಡುಗ, ಅದೇ ತಂಡ, ಅದೇ ಕೋಚಿಂಗ್. ಆಮೇಲೆ ನಮ್ಮದೇ ತಂಡದ 28 ವರ್ಷದ ಒಬ್ಬನ ಅಂಕಗಳನ್ನೂ ಹಾಗೇ ಬರೆದೆವು. ಅವನು ಯಾವ ಸಲವೂ ಹೆಚ್ಚು ಅಲುಗಾಡಲಿಲ್ಲ. ಎರಡು ಅಂಕ ಕೆಳಗೆ, ಇಲ್ಲಾ ಮೂರು ಮೇಲೆ, ಅಷ್ಟೇ.

ಹುಡುಗ ಆ ಎರಡು ಪಟ್ಟಿಗಳನ್ನು ಪಕ್ಕ ಪಕ್ಕ ಇಟ್ಟು ಬಹಳ ಹೊತ್ತು ನೋಡಿದ. "ಇವನು ಎಷ್ಟ್ ಕೆಳಗ ಬಿದ್ದರೂ 45ರ ಕೆಳಗ ಹೋಗಿಲ್ಲ ಮಾಮಾ. ಮ್ಯಾಲ ಮಾತ್ರ ಬಾಳ ಹೋಗ್ಯಾನ."

ನಾನು ಅದನ್ನು ಗಮನಿಸಿರಲಿಲ್ಲ, ಅವನು ಗಮನಿಸಿದ. ಆಟದ ಕೋಡ್ ಯಾರು ಬೇಕಾದರೂ ಓದುವಂತೆ ತೆರೆದಿದೆ. ರಾತ್ರಿ ನೆಟ್ ಬಂದ ಮೇಲೆ ಹುಡುಕಿ ನೋಡಿದೆ. ಹುಡುಗ ಹೇಳಿದ್ದೇ ಸರಿ. ಪ್ರತಿ ವಯಸ್ಸಿಗೂ ಸರಾಸರಿ ಇಷ್ಟು ಬದಲಾಗಬೇಕು ಅಂತ ಒಂದು ಲೆಕ್ಕ ಇದೆ. 20ರ ಒಳಗೆ ಅದು ಏರಿಕೆ, 30ರ ಮೇಲೆ ಇಳಿಕೆ. ಅದರ ಮೇಲೆ ಅದೃಷ್ಟದ ಒಂದು ಪಾಲು ಸೇರುತ್ತದೆ. 23 ವರ್ಷದವರೆಗೆ ಆ ಪಾಲು ಕೆಳಕ್ಕೆ ಸ್ವಲ್ಪವೇ ಎಳೆಯಬಲ್ಲದು, ಮೇಲಕ್ಕೆ ಮಾತ್ರ ದೊಡ್ಡ ನೆಗೆತಕ್ಕೆ ಜಾಗ ಇದೆ. 25 ದಾಟಿದ ಮೇಲೆ ಎರಡೂ ಕಡೆ ಇಕ್ಕಟ್ಟಾಗುತ್ತದೆ. ಒಳ್ಳೆ ಕೋಚಿಂಗ್‌ಗೆ ದುಡ್ಡು ಹಾಕಿದರೆ ಸರಾಸರಿ ಕೊಂಚ ವಾಲುತ್ತದೆ, ಅದೃಷ್ಟದ ಆಟ ಮಾತ್ರ ನಿಲ್ಲುವುದಿಲ್ಲ. ಎಲ್ಲ ಗುಣಗಳೂ ಒಟ್ಟಿಗೆ ಮುದಿಯಾಗುವುದೂ ಇಲ್ಲ. ಓಟ ಮತ್ತು ನೆಗೆತ ಬೇಗ ಕುಗ್ಗುತ್ತವೆ, ದೂರದಿಂದ ಬುಟ್ಟಿಗೆ ಹಾಕುವ ಕೈ ಬಹಳ ವರ್ಷ ಉಳಿಯುತ್ತದೆ. ನಾವು ಕೊಟ್ಟು ಕಳಿಸಿದ 30ರವನು ಇನ್ನೂ ಕೆಲವು ವರ್ಷ ಬಾಳಿಕೆ ಬರುತ್ತಿದ್ದದ್ದು ಅದಕ್ಕೇ.

ಹಾಗಾದರೆ ನನ್ನ ತಪ್ಪು ಎಲ್ಲಿತ್ತು? 74 ಅನ್ನೋದನ್ನು ನಾನು ಓದಿದ ರೀತಿಯಲ್ಲಿ.

ಕಾಲೇಜಿನಲ್ಲಿದ್ದಾಗ ನಾನು ಆಡುತ್ತಿದ್ದದ್ದು ಫುಟ್‌ಬಾಲ್ ಮ್ಯಾನೇಜರ್, ಇದೇ ಥರ ತಂಡ ಕಟ್ಟುವ ಕಂಪ್ಯೂಟರ್ ಆಟ. ಅದರಲ್ಲಿ ಪ್ರತಿ ಆಟಗಾರನಿಗೂ 200ಕ್ಕೆ ಇಷ್ಟು ಅಂತ ಒಂದು ಗುಪ್ತ ಸಂಖ್ಯೆ ಇರುತ್ತದೆ, ಅವನು ಮುಟ್ಟಬಹುದಾದ ತುದಿ. ಕೆಲವು ಎಳೆಯರಿಗೆ ಆ ಸಂಖ್ಯೆಯ ಬದಲು ಇಷ್ಟರಿಂದ ಇಷ್ಟು ಅನ್ನುವ ಒಂದು ಅಂತರ ಕೊಟ್ಟಿರುತ್ತಾರೆ. ಆಟ ಶುರು ಮಾಡಿದಾಗ ಅದರೊಳಗಿನ ಒಂದು ಸಂಖ್ಯೆ ಗಟ್ಟಿಯಾಗುತ್ತದೆ. ಆಮೇಲೆ ಆಟಗಾರ ಅಲ್ಲಿಗೆ ಮುಟ್ಟಬಹುದು, ಮುಟ್ಟದೆಯೂ ಇರಬಹುದು, ದಾಟಲಾರ. ಶಿಸ್ತು, ಗಾಯ, ಆಡಲು ಸಿಕ್ಕ ಅವಕಾಶ ಎಲ್ಲ ಸೇರಿ ಎಷ್ಟು ದೂರ ಹೋಗುತ್ತಾನೆ ಅಂತ ತೀರ್ಮಾನ ಆಗುತ್ತದೆ. ಮನೆಗೆ ಸೂರು ಇದ್ದ ಹಾಗೆ. ಆಗ ಫ್ರೆಡ್ಡಿ ಅಡು ಅಂದರೆ ಆಡುವವರಿಗೆಲ್ಲ ಹುಚ್ಚು. 2004ರಲ್ಲಿ 14ನೇ ವಯಸ್ಸಿಗೇ ಡಿ.ಸಿ. ಯುನೈಟೆಡ್ ಪರ ಅಮೆರಿಕದ ದೊಡ್ಡ ಲೀಗಿನಲ್ಲಿ ಆಡಿದ ಹುಡುಗ. ಕಂಪ್ಯೂಟರಿನಲ್ಲಿ ಅವನನ್ನು ಕೊಂಡವರು ಲೋಕ ಗೆದ್ದೆವು ಅಂದುಕೊಳ್ಳುತ್ತಿದ್ದರು. ನಿಜವಾದ ಅಡು 2007ರಲ್ಲಿ ಪೋರ್ಚುಗಲ್‌ನ ಬೆನ್ಫಿಕಾಗೆ ಹೋದ, ಅಲ್ಲಿ ನೆಲೆ ನಿಲ್ಲಲಿಲ್ಲ. ಒಂದು ತಂಡದಿಂದ ಇನ್ನೊಂದಕ್ಕೆ ಅಲೆದ. ಅವನಿಗೆ ಆಗ ಎಷ್ಟು ಚಿಕ್ಕ ವಯಸ್ಸು ಅಂತ ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ನನ್ನ ಪಕ್ಕ ಕೂತವನಿಗೂ 14.

ಬ್ಯಾಸ್ಕೆಟ್‌ಬಾಲ್ ಜಿಎಂನ ಪೊಟೆನ್ಶಿಯಲ್ ಸೂರಲ್ಲ. ಅದು ಬರೀ ಅಂದಾಜು. ಇಂಥ ಹುಡುಗ ಸಾಮಾನ್ಯವಾಗಿ ಎಲ್ಲಿಗೆ ಮುಟ್ಟುತ್ತಾನೆ ಅಂತ ಈ ಹೊತ್ತಿನ ಲೆಕ್ಕ. ವರ್ಷ ವರ್ಷ ಬದಲಾಗುತ್ತದೆ. ಅದನ್ನು ದಾಟಿ ಹೋಗುವವರೂ ಇದ್ದಾರೆ, ಅದರ ಹತ್ತಿರ ಸುಳಿಯದವರು ಇನ್ನೂ ಜಾಸ್ತಿ. ಅದರ ಮೇಲೆ ಮಂಜು ಬೇರೆ. ಹೊಸಬರ ಅಂಕಗಳು ನಮಗೆ ಕಾಣುವುದೇ ಸ್ವಲ್ಪ ಮಸುಕಾಗಿ. ಸ್ಕೌಟಿಂಗ್‌ಗೆ, ಅಂದರೆ ಹೊಸಬರನ್ನು ನೋಡಿ ಅಳೆಯುವ ಕೆಲಸಕ್ಕೆ, ಎಷ್ಟು ಖರ್ಚು ಮಾಡುತ್ತೀರೋ ಅಷ್ಟು ತಿಳಿಯಾಗುತ್ತದೆ. ನಾವು ಅಲ್ಲಿ ಜಿಪುಣತನ ಮಾಡಿದ್ದೆವು. ಅಂದರೆ 74 ಅನ್ನೋದು ಮಸುಕಾಗಿ ಕಂಡ ಒಂದು ಅಂದಾಜು. ನಾನು ಅದನ್ನು ಹುಡುಗನೊಳಗೆ ಆಗಲೇ ಕೂತಿರುವ ಗಂಟು ಅಂತ ಓದಿದೆ. ಗಂಟು ಇದ್ದರೆ ತಾನೇ ಬಿಚ್ಚೋದು?

ಸಂಜೆ ಅಪ್ಪ ಬಂದರು. ಆಳಂದ ರಸ್ತೆಯ ಕೃಷಿ ಸಂಶೋಧನಾ ಕೇಂದ್ರದ ಕಡೆ ಬೆಳಿಗ್ಗೆ ಬೇಗ ಹೋಗಿ ತೊಗರಿ ಬೀಜ ತರೋಣ ಅಂತ ಹಿಂದಿನ ದಿನವೇ ಊರಿಂದ ಬಂದು ರಾತ್ರಿ ಇರುವುದು ಅವರ ರೂಢಿ. ಕಾಲು ತೊಳೆದು, ಮಜ್ಜಿಗೆ ಕುಡಿದು, ಹಾಸಿಗೆ ಮೇಲಿದ್ದ ನೋಟ್‌ಬುಕ್ ಎತ್ತಿದರು.

"ಇದು ಯಾವ ಹೊಲದ ಲೆಕ್ಕಪಾ?"

ಹುಡುಗ ಎಲ್ಲ ವಿವರಿಸಿದ. ಮುತ್ಯಾನಿಗೆ ಬ್ಯಾಸ್ಕೆಟ್‌ಬಾಲ್ ಗೊತ್ತಿಲ್ಲ, 20 ಸಾಲಿನ ಪಟ್ಟಿ ಮಾತ್ರ ಒಂದೇ ನೋಟಕ್ಕೆ ಅರ್ಥವಾಯಿತು. "ಆಗಸ್ಟನ್ಯಾಗ ಎಲ್ಲಾ ಹೊಲ ಹಸರೇ ಇರ್ತಾವ. ನೆಟೆ ಕಾಣೋದು ಹೂವಾಗೋ ಹೊತ್ತಿಗಿ," ಅಂದರು. ಆಮೇಲೆ ಕೇಳಿದರು, "ಅಲ್ಲ, ಎಲ್ಲಾ ಹೊಲಕ್ಕ ಒಂದೇ ಬೀಜ ಹಾಕ್ತಾರೇನು ಯಾರರ?"

ನೆಟೆ ಅಂದರೆ ತೊಗರಿ ಗಿಡ ನಿಂತಲ್ಲೇ ಒಣಗುವ ರೋಗ. ನಮ್ಮ ಕಡೆ ಇದನ್ನು ಅನುಭವಿಸದ ಮನೆ ಇಲ್ಲ. ಅಪ್ಪ ಒಂದು ಭಾಗಕ್ಕೆ ನೆಟೆ ತಡೆಯುವ ಟಿಎಸ್-3ಆರ್ ಹಾಕುತ್ತಾರೆ, ಇನ್ನೊಂದಕ್ಕೆ ಬೇರೆ ತಳಿ, ಸಾಲಿನ ನಡುವೆ ಹೆಸರು, ಉದ್ದು. ತೊಗರಿ ಕೈಕೊಟ್ಟರೂ ಹೆಸರು ಆಗಲೇ ಮನೆ ಸೇರಿರುತ್ತದೆ. ಚಿಕ್ಕಂದಿನಿಂದ ಇದನ್ನು ನೋಡಿದ್ದೇನೆ. ಒಬ್ಬನೇ ಜಿರಾಫೆಗೆ ತಂಡದ ದೊಡ್ಡ ಆಟಗಾರನನ್ನು ಕೊಡುವಾಗ ನೆನಪಾಗಲಿಲ್ಲ.

ಹುಡುಗ ಆಗಲೇ ಲ್ಯಾಪ್‌ಟಾಪ್ ತೆರೆದಿದ್ದ. ತಂಡದಲ್ಲಿ 15 ಜನಕ್ಕೆ ಜಾಗ. ಮೊದಲ 8 ಜನ ಗಟ್ಟಿ ವಯಸ್ಸಿನವರು ಇರಲಿ, ಉಳಿದ ಜಾಗಕ್ಕೆಲ್ಲ 19, 20ರವರು ಅಂದ. ಡ್ರಾಫ್ಟ್‌ನಲ್ಲಿ ಮೊದಲ ಸುತ್ತಿನಲ್ಲಿ ಆರಿಸಿದವರ ಸಂಬಳ ಕಡಿಮೆ, ಒಪ್ಪಂದ 3 ವರ್ಷದ್ದು. ಒಬ್ಬ ನೆಗೆದರೂ ಸಾಕು, 3 ವರ್ಷ ಅಗ್ಗದಲ್ಲಿ ಆಡಿಸಬಹುದು. ಇಳಿದವರು ಬೆಂಚಿನ ಮೇಲೆ ಕೂರುತ್ತಾರೆ, ನಷ್ಟ ಚಿಕ್ಕದು. 31ರ ಒಬ್ಬನಿಗೆ ದೊಡ್ಡ ಸಂಬಳ ಒಪ್ಪಿಕೊಳ್ಳುವುದೇ ನಿಜವಾದ ಅಪಾಯ. ಯಾಕಂದರೆ ಒಪ್ಪಂದ ಮೊದಲು ಆಗುತ್ತದೆ, ಅಂಕ ಇಳಿಯುವುದು ಆಮೇಲೆ ಪ್ರಿಸೀಸನ್‌ನಲ್ಲಿ. ಇದನ್ನು ನಾನು ಹೇಳಿಕೊಟ್ಟಿದ್ದಲ್ಲ. ಪಟ್ಟಿ ನೋಡಿ ಅವನೇ ಹೇಳಿದ. ಅಪ್ಪ ಗೋಡೆಗೆ ಒರಗಿ ಕೂತು ಕೇಳುತ್ತಿದ್ದರು.

ಜೂನ್‌ನಲ್ಲಿ ಶಾಲೆ ಶುರುವಾಯಿತು. ಲೀಗಿನ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಅವನು ಊರಿಗೆ ಹೋದ. ಈಗ ಭಾನುವಾರ ಒಂದು ಸೀಸನ್ ಆಡಿ ನನಗೆ ಫೋನ್ ಮಾಡುತ್ತಾನೆ. ತಂಡ ಒಮ್ಮೆ ಫೈನಲ್ ತನಕ ಹೋಯಿತು. ಹೊತ್ತುಕೊಂಡು ಹೋದವನು ಜಿರಾಫೆ ಅಲ್ಲ. ಎರಡನೇ ಸುತ್ತಿನಲ್ಲಿ ಸುಮ್ನೆ ತಗೊಂಡಿದ್ದ, ಪೊಟೆನ್ಶಿಯಲ್ 55 ಅಂತ ತೋರಿಸುತ್ತಿದ್ದ ಒಬ್ಬ ಗಿಡ್ಡ ಹುಡುಗ. ಒಂದೇ ಪ್ರಿಸೀಸನ್‌ನಲ್ಲಿ 11 ಅಂಕ ನೆಗೆದ. ಅದನ್ನು ಹೇಳುವಾಗ ಅವನ ದನಿ ನಡುಗುತ್ತಿತ್ತು. ನಾನೂ ಎದ್ದು ನಿಂತೇ ಕೇಳಿದೆ.

ಜಿರಾಫೆ 49ರಲ್ಲಿ ನಿಂತಿದ್ದಾನೆ. ಅವನ 3 ವರ್ಷದ ಒಪ್ಪಂದ ಮುಗಿದಿದೆ. ಬಿಡ್ತೀಯೇನು ಅಂತ ಕಳೆದ ವಾರ ಕೇಳಿದೆ. ಆ ಕಡೆಯಿಂದ ಹಾಳೆ ತಿರುವುವ ಸದ್ದು ಕೇಳಿತು. ನೋಟ್‌ಬುಕ್ ಇನ್ನೂ ಇಟ್ಟುಕೊಂಡಿದ್ದಾನೆ.

"ಅವನಿಗಿನ್ನೂ 22 ಮಾಮಾ," ಅಂದ. "ಒಂದು ವರ್ಷಕ್ಕ ಸೈನ್ ಮಾಡೀನಿ."