ಯಾರು ಬರೆದದ್ದು ಎಂದು ಹುಡುಕಬೇಡಿ

ನಮ್ಮ ಹೋಬಳಿಯ ಸರ್ಕಾರಿ ಶಾಲೆಯ ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಪೋಷಕರ ಕಡೆಯಿಂದ ನಾನೊಬ್ಬ ಸದಸ್ಯೆ. ಮಕ್ಕಳ ದೂರು ಪೆಟ್ಟಿಗೆಗೆ ಎರಡು ಬೀಗ ಹಾಕಿಸಬೇಕೆಂದು ಹಟ ಹಿಡಿದವರಲ್ಲಿ ನಾನೂ ಇದ್ದೆ. ಒಂದು ಕೀಲಿ ಮುಖ್ಯ ಶಿಕ್ಷಕರ ಬಳಿ, ಇನ್ನೊಂದು ಪೋಷಕರ ಬಳಿ. ಒಬ್ಬರೇ ತೆರೆದು, ಒಬ್ಬರೇ ಓದಿ, ಒಬ್ಬರೇ ಹರಿದು ಹಾಕುವಂತಾಗಬಾರದು.

ಆ ಶನಿವಾರ ಪೆಟ್ಟಿಗೆ ತೆರೆದಾಗ ಹೆಚ್ಚಿನವು ಎಂದಿನ ಚೀಟಿಗಳೇ. ಹುಡುಗಿಯರ ಶೌಚಾಲಯಕ್ಕೆ ಒಳಗಿನ ಚಿಲಕವಿಲ್ಲ. ಗೇಟಿನ ಎದುರಿನ ಅಂಗಡಿಯಲ್ಲಿ ದೊಡ್ಡ ಹುಡುಗರಿಗೆ ಗುಟ್ಕಾ ಕೊಡುತ್ತಾರೆ. ನಡುವೆ ನಾಲ್ಕು ಮಡಿಕೆಯ ಒಂದು ಹಾಳೆ. ಹೆಸರಿಲ್ಲ, ತರಗತಿಯಿಲ್ಲ. ‘ಆಟೋದಲ್ಲಿ ಹಿಂದೆ ಜಾಗ ಇದ್ದರೂ ಅಂಕಲ್ ನನ್ನನ್ನು ಮುಂದೆ ಪಕ್ಕದಲ್ಲೇ ಕೂರಿಸಿಕೊಳ್ಳುತ್ತಾರೆ. ನನಗೆ ಇಷ್ಟವಿಲ್ಲ. ಮನೆಯಲ್ಲಿ ಹೇಳಿದರೆ ಶಾಲೆ ಬಿಡಿಸುತ್ತಾರೆ.’

ಕೊನೆಯ ವಾಕ್ಯವನ್ನು ನಾನು ಎರಡು ಸಲ ಓದಿದೆ. ಮಗು ಹೆದರಿದ್ದು ಆಟೋದವನಿಗೆ ಮಾತ್ರವಲ್ಲ, ನಮಗೂ. ಹುಡುಗಿಗೆ ತೊಂದರೆಯಾದರೆ ಓದು ನಿಲ್ಲಿಸಿ ಮನೆಯಲ್ಲಿ ಕೂರಿಸುವುದು ನಮ್ಮ ಊರುಗಳಲ್ಲಿ ಇನ್ನೂ ನಡೆಯುತ್ತದೆ. ಹೆಸರು ಬರೆಯದಿರಲು ಅದಕ್ಕಿಂತ ದೊಡ್ಡ ಕಾರಣ ಬೇಕೆ?

ಹಿರಿಯ ಸದಸ್ಯರೊಬ್ಬರು ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ತರಿಸಲು ಹೇಳಿದರು. ‘ಅಕ್ಷರ ಹೋಲಿಸಿದರೆ ಯಾವ ಮಗು ಎಂದು ಗೊತ್ತಾಗುತ್ತದೆ. ಕರೆದು ಕೇಳೋಣ.’ ಅವರ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ಆದರೂ ನನಗೆ ಸಿಟ್ಟು ಬಂತು. ‘ಬೇಡ ಅಣ್ಣಾ. ಇವತ್ತು ಅಕ್ಷರ ಹುಡುಕಿದರೆ ನಾಳೆಯಿಂದ ಈ ಪೆಟ್ಟಿಗೆಗೆ ಯಾವ ಮಗುವೂ ಚೀಟಿ ಹಾಕುವುದಿಲ್ಲ’ ಎಂದೆ.

‘ಸುಳ್ಳಾಗಿದ್ದರೆ? ನಾಳೆ ನಮ್ಮ ಮೇಲೆಯೇ ಕೇಸು ಬಂದರೆ?’

ಆ ಭಯಕ್ಕೆ ಉತ್ತರ ಕೊಟ್ಟವರು ಮುಖ್ಯ ಶಿಕ್ಷಕಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಅಪರಾಧ ನಡೆಯಬಹುದೆಂಬ ಆತಂಕವಿದ್ದರೂ ಪೊಲೀಸರಿಗೆ ತಿಳಿಸಬೇಕು. ಸಾಕ್ಷ್ಯ ಕೂಡಿಸುವುದು ನಮ್ಮ ಕೆಲಸವಲ್ಲ. ಒಳ್ಳೆಯ ಉದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಕ್ರಮವಿಲ್ಲ, ಗೊತ್ತಿದ್ದೂ ಮುಚ್ಚಿಟ್ಟರೆ ಶಿಕ್ಷೆಯಿದೆ. ಇಷ್ಟು ಹೇಳಿ ಅವರು ಅಲ್ಲಿಂದಲೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರು. ಠಾಣೆಗೂ ಲಿಖಿತವಾಗಿ ತಿಳಿಸಿದರು. 1098 ಹಗಲು ರಾತ್ರಿ ಕೆಲಸ ಮಾಡುವ ಉಚಿತ ಸಂಖ್ಯೆ, ಮಗುವೇ ಕರೆ ಮಾಡಬಹುದು. ನಮ್ಮ ಶಾಲೆಯ ಗೋಡೆಯ ಮೇಲೆ ಅದನ್ನು ಬರೆಸಿದ್ದೇವೆ, ಆದರೆ ಕರೆ ಮಾಡಿದ್ದನ್ನು ನಾನು ಕಣ್ಣಾರೆ ಕಂಡದ್ದು ಅಂದೇ.

ಜಿಲ್ಲಾ ಮಕ್ಕಳ ರಕ್ಷಣಾ ಘಟಕದಿಂದ ಬಂದ ಆಪ್ತ ಸಮಾಲೋಚಕಿ ಮಾಡಿದ ಕೆಲಸವನ್ನು ಎಲ್ಲ ಶಾಲೆಗಳಿಗೂ ಹೇಳಬೇಕೆನಿಸುತ್ತದೆ. ಅವರು ಒಂದು ಮಗುವನ್ನೂ ಹೆಸರು ಹಿಡಿದು ಕರೆಯಲಿಲ್ಲ. ಹುಡುಗರನ್ನೂ ಬಿಡದೆ ಪ್ರತಿ ತರಗತಿಯ ಜೊತೆ ಕುಳಿತು, ಶಾಲೆಗೆ ಹೇಗೆ ಬರುತ್ತೀರಿ, ದಾರಿಯಲ್ಲಿ ಯಾವುದು ಇಷ್ಟ, ಯಾವುದು ಇಷ್ಟವಿಲ್ಲ ಎಂದು ಕೇಳಿದರು. ಆಮೇಲೆ ಗ್ರಂಥಾಲಯದ ಕೋಣೆಯಲ್ಲಿ ಕುಳಿತು, ಬರಬೇಕೆನಿಸಿದವರು ಒಬ್ಬೊಬ್ಬರೇ ಬರಬಹುದು ಎಂದರು. ಹಲವರು ಒಳಗೆ ಹೋಗಿ ಬಂದರು. ಹೊರಗಿದ್ದವರಿಗೆ ಯಾರು ಏನು ಹೇಳಿದರೆಂದು ತಿಳಿಯುವ ದಾರಿಯೇ ಇರಲಿಲ್ಲ. ಅಲ್ಲಿ ನಡೆದ ಮಾತು ಆ ಮಕ್ಕಳಿಗೂ ಕಾನೂನಿಗೂ ಸೇರಿದ್ದು; ಅದನ್ನು ಇಲ್ಲಿ ಬರೆಯುವುದಿಲ್ಲ. ಆ ಆಟೋ ಈಗ ಶಾಲೆಯ ಮಕ್ಕಳನ್ನು ಕರೆತರುವುದಿಲ್ಲ.

ಉಳಿದ ಆಟೋಗಳ ಚಾಲಕರನ್ನೂ ಪೋಷಕರನ್ನೂ ಒಟ್ಟಿಗೆ ಕೂರಿಸಿದೆವು. ಚಾಲಕರ ಪಕ್ಕ ಯಾವ ಮಗುವೂ ಕೂರಬಾರದು, ಪ್ರತಿ ಆಟೋದ ವಿವರ ಶಾಲೆಯಲ್ಲಿರಬೇಕು, ತಾಯಂದಿರು ಸರದಿಯಂತೆ ಜೊತೆಗೆ ಬರಬೇಕು ಎಂದು ತೀರ್ಮಾನವಾಯಿತು. ಹೆಚ್ಚಿನ ಚಾಲಕರು ಬೇಸರಪಡಲಿಲ್ಲ. ‘ನಮಗೂ ಹೆಣ್ಣುಮಕ್ಕಳಿದ್ದಾರೆ ಅಕ್ಕಾ’ ಎಂದು ಒಬ್ಬರು ತಾವೇ ಮೊದಲು ಹೆಸರು ಬರೆಸಿದರು.

ಚೀಟಿ ಬರೆದದ್ದು ಯಾರೆಂದು ಸಂತೆಯಲ್ಲಿ, ಮದುವೆ ಮನೆಯಲ್ಲಿ ಈಗಲೂ ನನ್ನನ್ನು ಕೇಳುವವರಿದ್ದಾರೆ. ನನಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ.

ಶೌಚಾಲಯಕ್ಕೆ ಮರುವಾರವೇ ಚಿಲಕ ಬಂತು. ಅಂಗಡಿಯದು ಮಾತ್ರ ಬಗೆಹರಿದಿಲ್ಲ. ಶಾಲೆಯಿಂದ ನೂರು ಗಜದೊಳಗೆ ತಂಬಾಕು ಮಾರುವಂತಿಲ್ಲ ಎಂದು 2003ರ ತಂಬಾಕು ನಿಯಂತ್ರಣ ಕಾಯ್ದೆಯೇ ಹೇಳುತ್ತದೆ. ಪಂಚಾಯಿತಿಗೆ ಅರ್ಜಿ ಕೊಟ್ಟಿದ್ದೇವೆ. ಮುಂದಿನ ಮಕ್ಕಳ ಗ್ರಾಮಸಭೆಯಲ್ಲಿ ಈ ಪ್ರಶ್ನೆಯನ್ನು ತಾವೇ ಕೇಳುವುದಾಗಿ ಏಳನೇ ತರಗತಿಯವರು ಹೇಳಿದ್ದಾರೆ. ಅಂದು ನಾವು ಪೋಷಕರೆಲ್ಲ ಅವರ ಹಿಂದೆಯೇ ಕೂರುವುದೆಂದು ಮಾತಾಗಿದೆ.